ಬಾಯಿ ನೋಡಬ್ಯಾಡ, ಚೀಲ ನೋಡು

ರೋಣದ ನಮ್ಮ ಮನೆಯಲ್ಲಿ ಕಾಕಟೀಲ್ ಗಿಳಿಗಳು ತತ್ತಿ ಇಡಲು ಶುರುಮಾಡಿ ಕೆಲವು ವರ್ಷಗಳಾದವು. ಮೊದಲ ಚಳಿಗಾಲದಲ್ಲಿ ತಾಯಿ ಬಿಟ್ಟ ಮೂರು ಮರಿಗಳನ್ನು ನಾನೇ ಸಾಕಲು ಹೋಗಿ ಮೂರನ್ನೂ ಕಳೆದುಕೊಂಡೆ. ಅವು ಹಸಿದು ಸಾಯಲಿಲ್ಲ, ತಿಂದು ಸತ್ತವು.

1. ಮೊದಲು ಕಾವು, ಆಮೇಲೆ ಊಟ. ತತ್ತಿಯೊಡೆದು ಬಂದ ಮರಿ 5 ಗ್ರಾಂ ಆಸುಪಾಸು. ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಹಳದಿ ನವಿರು ಬಿಟ್ಟರೆ ಏನೂ ಇಲ್ಲ. ಮೊದಲ ದಿನಗಳಲ್ಲಿ ಪೆಟ್ಟಿಗೆಯೊಳಗೆ 35–36 ಡಿಗ್ರಿ ಬೇಕು, ಗರಿ ಮೊಳೆತಂತೆ ಇಳಿಸುತ್ತ ಬರಬೇಕು. ಮೈ ತಣ್ಣಗಾದ ಮರಿಗೆ ತಿನ್ನಿಸಿದ್ದು ಕುತ್ತಿಗೆಯ ಬುಡದ ಮೇವಿನ ಚೀಲದಲ್ಲೇ ನಿಂತು ಹುಳಿಯುತ್ತದೆ. ನನ್ನಲ್ಲಿ ಆದದ್ದು ಇದೇ. ನಡುರಾತ್ರಿ ಕರೆಂಟು ಹೋಗಿ ಕಾವಿನ ಬಲ್ಬು ಆರಿತ್ತು. ಬೆಳಿಗ್ಗೆ ಗಾಬರಿಯಲ್ಲಿ ನಾನು ಹಿಡಿದದ್ದು ಚಮಚ. ಈಗ ಬಿಸಿನೀರಿನ ಬಾಟಲಿಗೆ ಹಳೇ ಧೋತರ ಸುತ್ತಿ ಪೆಟ್ಟಿಗೆಯಲ್ಲಿಟ್ಟೇ ಮಲಗುತ್ತೇನೆ.

ಬೇಸಿಗೆಯಲ್ಲಿ ಇದರ ಉಲ್ಟಾ. ನಾನು ಓದಿದ ಪುಸ್ತಕಗಳೆಲ್ಲ ಚಳಿ ದೇಶದವು. ನರಗುಂದದ ಎರೆಹೊಲ ಬಾಯಿಬಿಡುವ ಏಪ್ರಿಲ್‌ನಲ್ಲಿ ಅವನ್ನು ನಂಬಿ ಬಲ್ಬು ಹಚ್ಚಿದರೆ ಮರಿ ಬೆಂದೇ ಹೋಗುತ್ತದೆ. ಒಂದಕ್ಕೊಂದು ಒತ್ತಿ ಕೂತಿದ್ದರೆ ಚಳಿ. ರೆಕ್ಕೆ ಅಗಲಿಸಿ ಏದುತ್ತಿದ್ದರೆ ಸೆಕೆ.

2. ಬಾಯಿ ತೆರೆದದ್ದೆಲ್ಲ ಹಸಿವಲ್ಲ. ಕೋಳಿ ಸಾಕಿ ಪಳಗಿದ ಅವ್ವ ಮೊದಲೇ ಅಂದಿದ್ದಳು: "ಬಾಯಿ ನೋಡಬ್ಯಾಡಪಾ, ಚೀಲ ನೋಡು." ಒಂದು ಹೊತ್ತಿಗೆ ಮರಿಯ ತೂಕದ ಹತ್ತನೇ ಒಂದು ಪಾಲು ಸಾಕು. ಎಳೆಮರಿಗೆ ಎರಡು ತಾಸಿಗೊಮ್ಮೆ ಕೊಟ್ಟರೂ ದಿನಕ್ಕೊಮ್ಮೆ ಚೀಲ ಪೂರ್ತಿ ಬರಿದಾಗಬೇಕು.

3. ತಿನ್ನಿಸುವ ಗಂಜಿ ಮರಿಗಳಿಗೆಂದೇ ಮಾಡಿದ ಪುಡಿಯದೇ ಇರಲಿ. ಹಾಲು ಬೇಡವೇ ಬೇಡ, ಹಕ್ಕಿಗೆ ಅದು ಅರಗದು. ಮೊದಲ ದಿನ ನೀರಿನಂತೆ ತೆಳ್ಳಗೆ, ದಿನ ಕಳೆದಂತೆ ಅಂಬಲಿಯಷ್ಟು ಗಟ್ಟಿ. ಬಿಸಿ 39ರಿಂದ 41 ಡಿಗ್ರಿ. ಅದಕ್ಕಿಂತ ಹೆಚ್ಚಾದರೆ ಚೀಲ ಸುಟ್ಟು ತೂತು ಬೀಳಬಹುದು, ಮೇಲಿಂದ ತಿಳಿಯುವಷ್ಟರಲ್ಲಿ ದಿನಗಳೇ ಆಗಿರುತ್ತವೆ. ಬೆರಳದ್ದಿ ನೋಡುವುದನ್ನು ನಾನು ಬಿಟ್ಟಿದ್ದೇನೆ. ಒಲೆ ಮುಂದೆ ಪಳಗಿದ ಬೆರಳಿಗೆ 45 ಡಿಗ್ರಿಯೂ ಉಗುರುಬೆಚ್ಚಗೇ.

4. ಚಮಚದ ಅಂಚು ಮಡಚಿಕೊಳ್ಳಿ. ಮರಿಯ ಎಡಗಡೆಯಿಂದ ಬಲಕ್ಕೆ ಬಿಡಿ, ಅನ್ನನಾಳ ಹೋಗುವುದು ಬಲಕ್ಕೆ. ತಲೆ ಕುಣಿಸುತ್ತಿರುವಾಗ ಮಾತ್ರ ನುಂಗುತ್ತದೆ. ಕುಣಿತ ನಿಂತರೆ ಕೈಯೂ ನಿಲ್ಲಲಿ, ಇಲ್ಲದಿದ್ದರೆ ಗಂಜಿ ಶ್ವಾಸನಾಳಕ್ಕೆ.

5. ಪೆಟ್ಟಿಗೆಗೆ ನುಣುಪು ಕಾಗದ ಹಾಸಬೇಡಿ. ಕಾಲು ಜಾರಿ ಸೊಟ್ಟಗಾಗುತ್ತವೆ.

6. ದಿನಾ ಬೆಳಿಗ್ಗೆ, ಚೀಲ ಬರಿದಿರುವಾಗ, ತೂಗಿ ಬರೆದಿಡಿ. ನನ್ನದು ಅಕ್ಕಸಾಲಿಗರು ಬಳಸುವಂಥ ಪುಟ್ಟ ತಕ್ಕಡಿ. ಎಳೆಮರಿಯ ತೂಕ ಒಂದು ದಿನ ಏರದಿದ್ದರೂ ಕಾವು ನೋಡಿ, ಚೀಲ ನೋಡಿ, ಪಶುವೈದ್ಯರನ್ನು ಕೇಳಿ.

7. ಸೂರ್ಯಕಾಂತಿ ಹೊಲಕ್ಕೆ ಮುತ್ತುವ ಹಸಿರು ಗಿಳಿಯ ಮರಿ ಪೊಟರೆಯಿಂದ ಬಿತ್ತೆಂದು ಯಾರಾದರೂ ತರುತ್ತಲೇ ಇರುತ್ತಾರೆ. ನಮ್ಮ ನಾಡಿನ ಗಿಳಿಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪೆಟ್ಟಾಗಿರದಿದ್ದರೆ ಅದೇ ಪೊಟರೆಗೆ ಮರಳಿಸಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಬಿಡುತ್ತದೆಂಬುದು ಸುಳ್ಳು. ಪೆಟ್ಟಾಗಿದ್ದರೆ ಅರಣ್ಯ ಇಲಾಖೆಯ ಕಚೇರಿಗೆ. ನನ್ನ ಕಾಕಟೀಲುಗಳು ಆಸ್ಟ್ರೇಲಿಯಾ ಮೂಲದವು, ಪಂಜರದಲ್ಲೇ ಹುಟ್ಟಿ ಬೆಳೆದವು. ಆ ಲೆಕ್ಕವೇ ಬೇರೆ.

8. ಚಮಚ ಬಿಡಿಸುವ ಅವಸರ ಬೇಡ. ಐದಾರು ವಾರಕ್ಕೆ ನವಣೆ ತೆನೆ ಕಟ್ಟುತ್ತೇನೆ, ಸಜ್ಜೆಯನ್ನೂ ಚೆಲ್ಲುತ್ತೇನೆ. ಮೊದಲು ಬರೀ ಆಟ, ತೆನೆಯ ಅರ್ಧ ನೆಲದ ಪಾಲು. ಹಾರಲು ಕಲಿಯುವಾಗ ಊಟ ತಾನೇ ಬೇಡವೆನ್ನುತ್ತವೆ, ತೂಕವೂ ತುಸು ಇಳಿಯುತ್ತದೆ, ಅಷ್ಟಕ್ಕೆ ಹೆದರಬೇಕಿಲ್ಲ. ಎಂಟರಿಂದ ಹತ್ತು ವಾರಕ್ಕೆ ಸ್ವಂತ ತಿನ್ನುತ್ತವೆ.

ಗಜೇಂದ್ರಗಡದಿಂದ ಬಂದವರೊಬ್ಬರು ನಾಲ್ಕು ವಾರದ ಮರಿಯನ್ನೇ ಕೇಳಿದರು: ಕೈಯಾರೆ ತಿನ್ನಿಸಿದರೆ ಹೆಚ್ಚು ಹಚ್ಚಿಕೊಳ್ಳುತ್ತದಂತೆ. ಮುಂಗಡ ವಾಪಸು ಕೊಟ್ಟೆ. ಒಂದು ವಾರ ಚಮಚ ಮುಟ್ಟದೆ, ತೂಕ ಇಳಿಯದೆ ಇದ್ದ ಮರಿಯನ್ನಷ್ಟೇ ನಾನು ಕೊಡುವುದು. ಅವರು ಮುನಿಸಿಕೊಂಡೇ ಹೋದರು, ಐದು ವಾರ ಬಿಟ್ಟು ಮತ್ತೆ ಬಂದರು.