ಅರ್ಧ ಬಟ್ಟಲಿನ ಲೆಕ್ಕ

ಸೋಪಾಗಲಿ, ಬೇಳೆಯಾಗಲಿ, ದೊಡ್ಡ ಪೊಟ್ಟಣ ತಗೊಂಡರೆ ಅಗ್ಗ. ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಇದು ಯಾರೂ ಹೇಳಿಕೊಡದೆಯೇ ಬರುವ ಪಾಠ. ಬೆಲೆಯನ್ನು ತೂಕದಿಂದ ಭಾಗಿಸಿ ನೋಡುವುದು ಒಳ್ಳೆಯ ಅಭ್ಯಾಸವೇ. ತಿಂಗಳ ದಿನಸಿಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಆದರೆ ಎಲ್ಲ ಖರ್ಚನ್ನೂ ತೂಕದಿಂದಲೇ ಭಾಗಿಸಲು ಹೊರಟರೆ ಲೆಕ್ಕ ದಾರಿ ತಪ್ಪುತ್ತದೆ. ಇದನ್ನು ನನಗೆ ಚೆನ್ನಾಗಿ ಮನದಟ್ಟು ಮಾಡಿಸಿದ್ದು ಜಪಾನಿನ ಒಂದು ವಿಚಿತ್ರ ಜಾಗ: ಶಿನ್-ಯೊಕೊಹಾಮಾ ರಾಮೆನ್ ಮ್ಯೂಸಿಯಂ.

ಹೆಸರಿನಲ್ಲಿ ಮ್ಯೂಸಿಯಂ ಇದ್ದರೂ ಇದು ತಿನ್ನುವವರಿಗಾಗಿ ಕಟ್ಟಿದ ಒಳಾಂಗಣ ಥೀಮ್ ಪಾರ್ಕ್. 1994ರ ಮಾರ್ಚ್‌ನಲ್ಲಿ ಶುರುವಾಯಿತು. ಹೊರಗಿನಿಂದ ನೋಡಿದರೆ ಸಾಮಾನ್ಯ ಕಟ್ಟಡ. ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದರೆ 1958ರ ಜಪಾನಿನ ಬೀದಿ. ಚಾವಣಿಯ ತುಂಬ ಸಂಜೆಯ ಆಕಾಶ ಬಳಿದಿದ್ದಾರೆ. ನಡುಮಧ್ಯಾಹ್ನ ಹೋದರೂ ಅಲ್ಲಿ ಸೂರ್ಯ ಮುಳುಗುವ ಹೊತ್ತೇ. ಹಳೆಯ ಸಿನಿಮಾ ಫಲಕಗಳು, ಮಂಕು ದೀಪ, ಇಕ್ಕಟ್ಟಾದ ಓಣಿ, ಚಿಲ್ಲರೆ ಕಾಸಿಗೆ ಮಿಠಾಯಿ ಮಾರುವ ಮಕ್ಕಳ ಅಂಗಡಿ. ಇವುಗಳ ನಡುವೆ ಜಪಾನಿನ ಬೇರೆ ಬೇರೆ ಊರುಗಳ ಹೆಸರಾಂತ ರಾಮೆನ್ (ಸಾರಿನಲ್ಲಿ ಕೊಡುವ ನೂಡಲ್ಸ್) ಅಂಗಡಿಗಳು. 1958ನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮೊಮೊಫುಕು ಆಂಡೊ ಎಂಬವರು ಜಗತ್ತಿನ ಮೊದಲ ಇನ್‌ಸ್ಟಂಟ್ ನೂಡಲ್ಸ್ ಅನ್ನು ಮಾರುಕಟ್ಟೆಗೆ ತಂದದ್ದು ಆ ವರ್ಷ. ನಮ್ಮ ಮನೆಗಳ ಎರಡು ನಿಮಿಷದ ನೂಡಲ್ಸ್‌ಗೂ ಮೂಲ ಅದೇ.

ಯೊಕೊಹಾಮಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಕ್ಕನ ಮಗ ನಮ್ಮನ್ನು ಕರೆದುಕೊಂಡು ಹೋಗಿದ್ದ. ಮೆಟ್ಟಿಲಿಳಿಯುವ ಮೊದಲೇ ಅವನು ಹೇಳಿದ ಮಾತು ಇಡೀ ಭೇಟಿಯ ಬಜೆಟ್ ಆಯಿತು: "ಚಿಕ್ಕಮ್ಮಾ, ಇಲ್ಲಿ ಪರ್ಸ್ ನೋಡ್ಕೊಂಡಲ್ಲ, ಹೊಟ್ಟೆ ನೋಡ್ಕೊಂಡು ಖರ್ಚು ಮಾಡ್ಬೇಕು. ಒಂದೇ ಅಂಗಡೀಲಿ ಹೊಟ್ಟೆ ತುಂಬಿಸ್ಕೊಂಡ್ರೆ ಬಂದಿದ್ದೇ ದಂಡ."

ನೂರು ಯೆನ್ ಎಲ್ಲಿಗೆ ಹೋಯಿತು?

ಒಳಗೆ ಹೋಗಲು ದೊಡ್ಡವರಿಗೆ 450 ಯೆನ್, ಮಕ್ಕಳಿಗೂ ಹಿರಿಯರಿಗೂ 100 ಯೆನ್ ಟಿಕೆಟ್. ಯೆನ್ ಒಂದಕ್ಕೆ ಸುಮಾರು 60 ಪೈಸೆ ಎಂದಿಟ್ಟುಕೊಂಡರೆ ಒಬ್ಬರಿಗೆ 270 ರೂಪಾಯಿ. ಊಟದ ಹಣ ಬೇರೆ. ಪ್ರತಿ ಅಂಗಡಿಯ ಮುಂದೆ ಒಂದು ಟಿಕೆಟ್ ಯಂತ್ರ. ಬೇಕಾದ ರಾಮೆನ್‌ನ ಗುಂಡಿ ಒತ್ತಿ, ಹಣ ಹಾಕಿ, ಬಂದ ಚೀಟಿಯನ್ನು ಒಳಗೆ ಕೊಟ್ಟರೆ ಬಟ್ಟಲು ಬರುತ್ತದೆ.

ಅಲ್ಲಿ ಎರಡು ಅಳತೆ ಸಿಗುತ್ತದೆ: ಪೂರ್ತಿ ಬಟ್ಟಲು, ಮಿನಿ ಬಟ್ಟಲು. ನಾವು ಹೋದಾಗ ಪೂರ್ತಿಗೆ ಸುಮಾರು 1,100 ಯೆನ್, ಮಿನಿಗೆ ಸುಮಾರು 650 ಯೆನ್ ಇತ್ತು. ಮಿನಿಯಲ್ಲಿ ಬರುವುದು ಸರಿಸುಮಾರು ಅರ್ಧ. 1,100ರ ಅರ್ಧ 550 ತಾನೇ? ಹಾಗಾದರೆ ಪ್ರತಿ ಮಿನಿ ಬಟ್ಟಲಿಗೆ ನೂರು ಯೆನ್ ಹೆಚ್ಚು ಕೊಟ್ಟಂತಾಯಿತು. ತೂಕದ ಲೆಕ್ಕದಲ್ಲಿ ಇದು ನಷ್ಟ. ನಮ್ಮ ಮನೆಯವರು ಯಂತ್ರದ ಮುಂದೆ ನಿಂತು ಇದೇ ಲೆಕ್ಕ ಹಾಕಿದರು. "ಪೂರ್ತಿ ತಗೊಂಡು ಬೈ ಟು ಮಾಡೋಣ ಬಿಡೇ" ಅಂದರು.

ಬೈ ಟು ಅಲ್ಲಿ ನಡೆಯುವುದಿಲ್ಲ. ಅಂಗಡಿಯೊಳಗೆ ಕೂರುವ ಪ್ರತಿ ದೊಡ್ಡವರೂ ಒಂದೊಂದು ಬಟ್ಟಲು ಕೊಳ್ಳಲೇಬೇಕು ಎಂಬುದು ಮ್ಯೂಸಿಯಂ ನಿಯಮ. ಇಕ್ಕಟ್ಟಾದ ಅಂಗಡಿ, ಹೊರಗೆ ಸಾಲು. ಒಂದು ಕುರ್ಚಿಗೆ ಒಂದು ಬಟ್ಟಲು ಮಾರಾಟವಾಗದಿದ್ದರೆ ಅವರಿಗೆ ಗಿಟ್ಟುವುದಿಲ್ಲ. ಬೆಂಗಳೂರಿನ ದರ್ಶಿನಿಗಳಲ್ಲಿ ನಾವು ನಿಂತುಕೊಂಡೇ ಬೈ ಟು ಕಾಫಿ ಕುಡಿಯುತ್ತೇವಲ್ಲ, ಅದೇ ಅನುಕೂಲವನ್ನು ಅವರು ಮಿನಿ ಬಟ್ಟಲಿನ ರೂಪದಲ್ಲಿ ಕೊಡುತ್ತಾರೆ.

ಈಗ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ಪೂರ್ತಿ ಬಟ್ಟಲು ಉಂಡರೆ ಸಾಮಾನ್ಯ ಹೊಟ್ಟೆಗೆ ಎರಡಕ್ಕಿಂತ ಹೆಚ್ಚು ಸಾಧ್ಯವಿಲ್ಲ, ಎರಡೂ ಕಷ್ಟವೇ. ಎರಡು ಪೂರ್ತಿ ಬಟ್ಟಲಿಗೆ 2,200 ಯೆನ್, ಸಿಕ್ಕಿದ್ದು ಎರಡು ಊರಿನ ರುಚಿ. ಮೂರು ಮಿನಿ ಬಟ್ಟಲಿಗೆ 1,950 ಯೆನ್, ಸಿಕ್ಕಿದ್ದು ಮೂರು ಊರಿನ ರುಚಿ. ಅಲ್ಲಿಗೆ ಹೋದದ್ದು ಹೊಟ್ಟೆ ತುಂಬಿಸಿಕೊಳ್ಳಲಿಕ್ಕಲ್ಲ, ಬೇರೆ ಬೇರೆ ರುಚಿ ನೋಡಲಿಕ್ಕೆ. ಹಾಗಾಗಿ ಬೆಲೆಯನ್ನು ಗ್ರಾಮಿನಿಂದ ಭಾಗಿಸಬಾರದು, ರುಚಿಗಳ ಸಂಖ್ಯೆಯಿಂದ ಭಾಗಿಸಬೇಕು. ಹಾಗೆ ಭಾಗಿಸಿದರೆ ಒಂದು ರುಚಿಗೆ 1,100ರ ಬದಲು 650. ಹೆಚ್ಚು ಕೊಟ್ಟ ಆ ನೂರು ಯೆನ್, ಇನ್ನೊಂದು ಬಟ್ಟಲಿಗೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಟ್ಟಿತು.

ಪ್ರವೇಶ ಟಿಕೆಟ್ ಸೇರಿಸಿದರೂ ಒಬ್ಬರಿಗೆ 2,400 ಯೆನ್, ಅಂದರೆ ಸುಮಾರು 1,450 ರೂಪಾಯಿ. ನಮ್ಮ ನಗರಗಳ ಮಾಲ್‌ನಲ್ಲಿ ಒಂದು ಸಿನಿಮಾ ನೋಡಿ ಊಟ ಮಾಡಿದರೂ ಹೆಚ್ಚುಕಡಿಮೆ ಇಷ್ಟೇ ಆಗುತ್ತದೆ.

ದ್ವೀಪದ ರುಚಿ, ಬೀದಿಯ ಬೆಲೆ

ನನಗೆ ಬಹಳ ಹಿಡಿಸಿದ್ದು ರಿಶಿರಿ ಎಂಬ ದ್ವೀಪದಿಂದ ಬಂದ 'ಮಿರಾಕು' ಅಂಗಡಿಯ ಬಟ್ಟಲು. ರಿಶಿರಿ ಇರುವುದು ಜಪಾನಿನ ಉತ್ತರದ ತುದಿಯಲ್ಲಿ, ಹೊಕ್ಕೈಡೊದಿಂದಲೂ ಆಚೆ ಸಮುದ್ರದಲ್ಲಿ. ಅಲ್ಲಿನ ಕೊಂಬು ಎಂಬ ಕಡಲಪಾಚಿಗೆ ದೇಶದಲ್ಲೆಲ್ಲ ಹೆಸರಿದೆ. ಆ ಪಾಚಿಯ ಸಾರಿಗೆ ಬಾಣಲೆಯಲ್ಲಿ ಸುಟ್ಟ ಸೋಯಾ ಸಾಸ್ ಬೆರೆಸುತ್ತಾರೆ. ಬಟ್ಟಲು ಮುಂದಿಟ್ಟಾಗ ಮೊದಲು ಮೂಗಿಗೆ ಬಡಿಯುವುದು ಆ ಸುಟ್ಟ ಘಮ. ಸಾರಿನ ಬಣ್ಣ ಕಡುಕಂದು, ಕೆಳಗೆ ಹಳದಿ ಬಣ್ಣದ ಸುರುಳಿ ನೂಡಲ್ಸ್. ಟೋಕಿಯೊದಿಂದ ಆ ದ್ವೀಪಕ್ಕೆ ಹೋಗಬೇಕೆಂದರೆ ಮೊದಲು ವಿಮಾನ, ಆಮೇಲೆ ದೋಣಿ ಅಥವಾ ಇನ್ನೊಂದು ವಿಮಾನ, ಅಲ್ಲೊಂದು ರಾತ್ರಿಯ ವಾಸ್ತವ್ಯ. ಒಂದು ಬಟ್ಟಲು ರಾಮೆನ್‌ಗಾಗಿ ಅಷ್ಟು ಖರ್ಚನ್ನು ಯಾರೂ ಮಾಡುವುದಿಲ್ಲ. ಮ್ಯೂಸಿಯಂ ಆ ಪ್ರಯಾಣದ ಖರ್ಚನ್ನು ಕಳೆದು ರುಚಿಯನ್ನಷ್ಟೇ ನಮಗೆ ಮಾರುತ್ತದೆ. 450 ಯೆನ್ ಟಿಕೆಟ್‌ಗೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಅಕ್ಕನ ಮಗ ತಗೊಂಡದ್ದು ಯಮಗಾತಾ ಪ್ರಾಂತದ 'ರ್‍ಯು ಶಾಂಘೈ' ಅಂಗಡಿಯ ಖಾರದ ಮಿಸೊ (ಹುದುಗಿಸಿದ ಸೋಯಾ ಮುದ್ದೆ) ರಾಮೆನ್. ಬಟ್ಟಲಿನ ನಡುವೆ ಕೆಂಪು ಮಿಸೊದ ಒಂದು ಉಂಡೆ ಇಟ್ಟಿರುತ್ತಾರೆ. ಅದನ್ನು ಸ್ವಲ್ಪಸ್ವಲ್ಪವೇ ಕರಗಿಸಿಕೊಂಡು ಖಾರವನ್ನು ನಮಗೆ ಬೇಕಾದಷ್ಟಕ್ಕೆ ತಂದುಕೊಳ್ಳಬಹುದು. ನಮ್ಮ ಮನೆಯವರು ಮಾಂಸ, ಮೀನು ಮುಟ್ಟುವುದಿಲ್ಲ. ರಾಮೆನ್ ಸಾರು ಸಾಮಾನ್ಯವಾಗಿ ಹಂದಿ, ಕೋಳಿ ಅಥವಾ ಒಣಮೀನಿನದು. ಮೇಲಿನ ಮಾಂಸದ ತುಂಡು ತೆಗೆದಿಟ್ಟ ಮಾತ್ರಕ್ಕೆ ಅದು ಸಸ್ಯಾಹಾರ ಆಗುವುದಿಲ್ಲ. ಇಲ್ಲಿನ ಕೆಲವು ಅಂಗಡಿಗಳಲ್ಲಿ ಸಸ್ಯಾಹಾರಿ ರಾಮೆನ್ ಇದೆ. ಸಸ್ಯಾಹಾರಿಗಳು ಯಾವ ಅಂಗಡಿಯಲ್ಲಿದೆ ಎಂದು ಕೇಳಿಕೊಂಡು ಆಮೇಲೆ ಯಂತ್ರಕ್ಕೆ ಹಣ ಹಾಕುವುದು ಕ್ಷೇಮ.

ಅಗ್ಗ ಯಾರಿಗೆ?

ಮೇಜಿನ ಮೇಲೆ ಬಿಲ್ ಬರುವುದಿಲ್ಲ, ಟಿಪ್ಸ್ ಕೊಡುವ ಪದ್ಧತಿಯೂ ಇಲ್ಲ. ಜಪಾನಿನಲ್ಲಿ ಕೂತು ಉಂಡರೆ ಶೇ 10, ಕಟ್ಟಿಸಿಕೊಂಡು ಹೋದರೆ ಶೇ 8 ತೆರಿಗೆ. 2021ರ ಏಪ್ರಿಲ್‌ನಿಂದ ಗ್ರಾಹಕರಿಗೆ ತೆರಿಗೆ ಸೇರಿದ ಒಟ್ಟು ಬೆಲೆಯನ್ನೇ ತೋರಿಸಬೇಕೆಂಬ ನಿಯಮವಿದೆ. ಯಂತ್ರದ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ. ಪರದೇಶದವರಿಗೆ ಇದು ದೊಡ್ಡ ನೆಮ್ಮದಿ. ದಿನದ ಖರ್ಚನ್ನು ಬೆಳಗ್ಗೆಯೇ ಬರೆದಿಟ್ಟು ರಾತ್ರಿ ತಾಳೆ ನೋಡಬಹುದು.

ಆದರೆ ನಮಗೆ ಅಗ್ಗ ಅನಿಸುವುದು ಅಲ್ಲಿಯವರಿಗೂ ಅಗ್ಗ ಎಂದುಕೊಳ್ಳಬಾರದು. 2024ರ ಜುಲೈನಲ್ಲಿ ಯೆನ್ ಡಾಲರ್ ಎದುರು 1986ರಿಂದೀಚೆಗೆ ಕಾಣದಷ್ಟು ಕುಸಿದಿತ್ತು. ಯೆನ್ ದುರ್ಬಲವಾದಾಗ ನಮ್ಮ ರೂಪಾಯಿಗೆ ಹೆಚ್ಚು ಸಿಗುತ್ತದೆ. ಅದೇ ಹೊತ್ತಿಗೆ ಹೊರದೇಶದ ಗೋಧಿಯನ್ನೂ ಇಂಧನವನ್ನೂ ಕೊಳ್ಳುವ ಅಲ್ಲಿನ ಅಂಗಡಿಯವರ ಖರ್ಚು ಏರುತ್ತದೆ. ಜಪಾನಿನ ರಾಮೆನ್ ವ್ಯಾಪಾರದಲ್ಲಿ 'ಸಾವಿರ ಯೆನ್ ಗೋಡೆ' ಎಂಬ ಮಾತಿದೆ. ಬಟ್ಟಲಿನ ಬೆಲೆ ಸಾವಿರ ದಾಟಿದರೆ ಗಿರಾಕಿ ಹಿಂದೆ ಸರಿಯುತ್ತಾನೆ ಎಂಬ ಭಯ ಅದು. ಖರ್ಚು ಏರಿದರೂ ಬೆಲೆ ಏರಿಸಲಾಗದೆ ಸಣ್ಣ ಅಂಗಡಿಗಳು ಬಾಗಿಲು ಹಾಕುತ್ತಿವೆ. ಟೇಕೊಕು ಡೇಟಾಬ್ಯಾಂಕ್ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ದಿವಾಳಿಯಾದ ರಾಮೆನ್ ಉದ್ಯಮಗಳು 72, ಅಲ್ಲಿಯವರೆಗಿನ ದಾಖಲೆ. ನಮ್ಮ ಊರಿನ ಹೋಟೆಲಿನವರು ದೋಸೆಗೆ ಐದು ರೂಪಾಯಿ ಏರಿಸುವ ಮುನ್ನ ಎಷ್ಟು ಹಿಂದೆಮುಂದೆ ನೋಡುತ್ತಾರೆ ಎಂದು ಬಲ್ಲವರಿಗೆ ಈ ಸಂಕಟ ಅರ್ಥವಾಗುತ್ತದೆ. ತಿಂದದ್ದಕ್ಕೆ ಪೂರ್ತಿ ಬೆಲೆ ಕೊಟ್ಟು, ಉಂಡ ಕೂಡಲೇ ಎದ್ದು ಕುರ್ಚಿ ಬಿಟ್ಟುಕೊಡುವುದು ಪ್ರವಾಸಿಗರಾದ ನಾವು ತೋರಿಸಬೇಕಾದ ಮರ್ಯಾದೆ.

ಥೀಮ್ ಪಾರ್ಕ್ ಆದ ಮಾತ್ರಕ್ಕೆ ವ್ಯಾಪಾರ ಗಟ್ಟಿ ಎಂದೂ ಇಲ್ಲ. ಅದೇ ಯೊಕೊಹಾಮಾದಲ್ಲಿ 2001ರಲ್ಲಿ ತೆರೆದ ಕರಿ ಮ್ಯೂಸಿಯಂ 2007ರಲ್ಲಿ ಮುಚ್ಚಿತು. ಟೋಕಿಯೊದ ಇಕೆಬುಕುರೊದಲ್ಲಿ 1996ರಲ್ಲಿ ಶುರುವಾದ ನಾಂಜಾಟೌನ್ ಮಾತ್ರ ಗ್ಯೋಜಾ ಎಂಬ ಕಡುಬುಗಳ ಬೀದಿಯನ್ನು ಕಟ್ಟಿಕೊಂಡು ಹೆಸರು ಮಾಡಿತು.

ಹೊರಡುವ ಮುನ್ನ ನೋಡಿಕೊಳ್ಳಬೇಕಾದ್ದು

ಮ್ಯೂಸಿಯಂನೊಳಗೆ ಉಳಿಸುವುದಕ್ಕಿಂತ ಹೆಚ್ಚನ್ನು ಹೊರಗೆ ಉಳಿಸಬಹುದು. ಟೋಕಿಯೊದಿಂದ ಶಿನ್-ಯೊಕೊಹಾಮಾಕ್ಕೆ ಶಿಂಕಾನ್ಸೆನ್ ಬುಲೆಟ್ ರೈಲು ಇಪ್ಪತ್ತು ನಿಮಿಷದೊಳಗೆ ಮುಟ್ಟಿಸುತ್ತದೆ. ಸಾಮಾನ್ಯ ರೈಲಿಗೆ ಒಂದು ಗಂಟೆ ಇಟ್ಟುಕೊಂಡರೆ ಸಾಕು, ದರ ಅರ್ಧಕ್ಕಿಂತ ಕಡಿಮೆ. ನಿಲ್ದಾಣದಿಂದ ನಡೆದೇ ಹೋಗಬಹುದು.

ಕಾರ್ಡಿನ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಹಲವು ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಕರೆನ್ಸಿಯ ಖರ್ಚಿಗೆ ಶೇ 3.5ರವರೆಗೆ ಮಾರ್ಕಪ್ ಹಾಕುತ್ತವೆ; ಅದರ ಮೇಲೆ ಶೇ 18 ಜಿಎಸ್‌ಟಿ. ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ ಹೀಗೇ ಹೋಗುತ್ತದೆ. ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ಇವೆ. ಟಿಕೆಟ್ ಬುಕ್ ಮಾಡುವ ಮೊದಲೇ ವಿಚಾರಿಸಿ. ಕಾರ್ಡ್ ಯಂತ್ರ ಅಥವಾ ಎಟಿಎಂ "ರೂಪಾಯಿಯಲ್ಲಿ ಕೊಡುತ್ತೀರಾ, ಯೆನ್‌ನಲ್ಲಿ ಕೊಡುತ್ತೀರಾ" ಎಂದು ಕೇಳಿದರೆ ಯೆನ್ ಅನ್ನೇ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರವನ್ನು ಅವರು ನಿಗದಿ ಮಾಡುತ್ತಾರೆ, ಅದು ಸಾಮಾನ್ಯವಾಗಿ ನಮಗೆ ದುಬಾರಿ.

ಕೈಯಲ್ಲಿ ಸಾವಿರ ಯೆನ್ ನೋಟು, ಚಿಲ್ಲರೆ ನಾಣ್ಯ ಇರಲೇಬೇಕು. ಜಪಾನಿನ ರಾಮೆನ್ ಅಂಗಡಿಗಳ ಟಿಕೆಟ್ ಯಂತ್ರಗಳಲ್ಲಿ ಹಲವು ಇನ್ನೂ ನಗದನ್ನೇ ಕೇಳುತ್ತವೆ. 2024ರ ಜುಲೈನಲ್ಲಿ ಬಂದ ಹೊಸ ನೋಟುಗಳನ್ನು ಕೆಲವು ಹಳೆಯ ಯಂತ್ರಗಳು ತೆಗೆದುಕೊಳ್ಳುವುದಿಲ್ಲ. ನಗದು ಬೇಕಾದರೆ ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂಗಳಲ್ಲಿ ವಿದೇಶಿ ಕಾರ್ಡ್ ನಡೆಯುತ್ತದೆ.

ಊರಿಗೆ ಮರಳಿದ ಮೇಲೆ

ಅಕ್ಕನ ಮಗ ತನ್ನ ಮನೆ ಹತ್ತಿರದ ಅಂಗಡಿಗೆ ಹೋದರೆ ಪೂರ್ತಿ ಬಟ್ಟಲನ್ನೇ ತಗೊಳ್ಳುತ್ತಾನೆ. ಅಲ್ಲಿನ ರುಚಿ ಅವನಿಗೆ ಗೊತ್ತು, ಹೋಗುವುದು ಹಸಿವೆಗೆ. ಅವನ ಲೆಕ್ಕವೂ ಸರಿ, ಮಿನಿ ಬಟ್ಟಲಿನ ನಮ್ಮ ಲೆಕ್ಕವೂ ಸರಿ. ಗೊತ್ತಿರುವುದನ್ನು ದೊಡ್ಡದಾಗಿ ಕೊಳ್ಳಬೇಕು, ಗೊತ್ತಿಲ್ಲದ್ದನ್ನು ಚಿಕ್ಕದಾಗಿ.

ಇದನ್ನು ನಾನು ಈಗ ಮನೆಯ ಎಲ್ಲ ದೊಡ್ಡ ಖರ್ಚಿಗೂ ಅನ್ವಯಿಸುತ್ತೇನೆ. ಜಿಮ್‌ನವರು ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ತಿಂಗಳಿಗೆ ಇಷ್ಟೇ ಬೀಳುತ್ತದೆ ಎನ್ನುತ್ತಾರೆ. ಅದನ್ನು ಹನ್ನೆರಡು ತಿಂಗಳಿನಿಂದ ಭಾಗಿಸಬೇಡಿ, ನೀವು ನಿಜವಾಗಿ ಹೋಗುವ ದಿನಗಳಿಂದ ಭಾಗಿಸಿ. ಮೊದಲು ಒಂದು ತಿಂಗಳಿಗೆ ಹೆಚ್ಚಿನ ದರ ಕೊಟ್ಟು ನೋಡುವುದೇ ಅಗ್ಗ. ಮಗುವಿಗೆ ಸಂಗೀತದ ಆಸೆ ಹುಟ್ಟಿದರೆ ಹೊಸ ಕೀಬೋರ್ಡ್ ಕೊಳ್ಳುವ ಮೊದಲು ಕೆಲವು ತಿಂಗಳು ಬಾಡಿಗೆಗೆ ತನ್ನಿ. ಗೊತ್ತಿಲ್ಲದ ಬಡಾವಣೆಯಲ್ಲಿ ಫ್ಲ್ಯಾಟ್ ಕೊಳ್ಳುವ ಮೊದಲು ಅದೇ ಬಡಾವಣೆಯಲ್ಲಿ ಬಾಡಿಗೆಗಿದ್ದು ನೋಡಿ. ನೀರು, ರಸ್ತೆ, ನೆರೆಹೊರೆ ಎಲ್ಲ ತಿಳಿಯುತ್ತದೆ. ಆ ಬಾಡಿಗೆ ದಂಡವಲ್ಲ, ಅರ್ಧ ಕೋಟಿಯ ಸಾಲಕ್ಕೆ ಸಹಿ ಹಾಕುವ ಮುನ್ನ ಕೊಟ್ಟ ಪರೀಕ್ಷೆಯ ಶುಲ್ಕ. ಮ್ಯೂಚುವಲ್ ಫಂಡ್ ಹೊಸತಾದರೆ ಚಿಕ್ಕ ಮೊತ್ತದ ಎಸ್‌ಐಪಿಯಿಂದ ಶುರು ಮಾಡಿ, ಮಾರುಕಟ್ಟೆ ಬಿದ್ದಾಗ ನಿಮ್ಮ ನಿದ್ದೆ ಹೇಗಿರುತ್ತದೆ ಎಂದು ನೋಡಿಕೊಂಡು ಮೊತ್ತ ಏರಿಸಿ.

ಚಿಕ್ಕ ಅಳತೆಗೆ ಕೊಡುವ ಹೆಚ್ಚಿನ ಬೆಲೆಗೂ ಒಂದು ಮಿತಿ ಬೇಕು. ಮಿನಿ ಬಟ್ಟಲಿಗೆ 650ರ ಬದಲು 900 ಯೆನ್ ಕೇಳಿದ್ದರೆ ಪೂರ್ತಿಯದೇ ಲೇಸು. ಪ್ರಯೋಗಕ್ಕೆ ಕೊಡುವ ಹೆಚ್ಚುವರಿ, ಪ್ರಯೋಗ ಕೈಕೊಟ್ಟರೆ ಆಗುವ ನಷ್ಟಕ್ಕಿಂತ ತೀರಾ ಕಡಿಮೆ ಇರಬೇಕು. ಅಷ್ಟನ್ನು ಕಾಗದದ ಮೇಲೆ ಬರೆದು ನೋಡಿದರೆ ಉತ್ತರ ತಾನಾಗಿ ಕಾಣುತ್ತದೆ.

ಜಪಾನಿಗೆ ಹೋಗುವ ಯೋಗ ಬಂದರೆ ಶಿನ್-ಯೊಕೊಹಾಮಾಕ್ಕೆ ಅರ್ಧ ದಿನ ಇಡಿ. ಬೆಳಗಿನ ತಿಂಡಿ ಹಗುರವಾಗಿರಲಿ, ಜೇಬಿನಲ್ಲಿ ತಲೆಗೆ ಮೂರು ಸಾವಿರ ಯೆನ್ ನಗದಿರಲಿ, ಒತ್ತುವುದು ಮಿನಿ ಬಟ್ಟಲಿನ ಗುಂಡಿಯನ್ನೇ ಆಗಿರಲಿ. ಕೊಟ್ಟ ಹಣಕ್ಕೆ ಮೋಸವಿಲ್ಲದ ಜಾಗ ಅದು.