ನಾಟಿಯ ಮಾರನೆ ದಿನ

ಮಳೆ ಬಂತು. ನಾಟಿ ಶುರುವಾಯಿತು. ಮೊದಲ ದಿನ ಇಡೀ ಹೊತ್ತು ಬಗ್ಗಿ ಪೈರು ನೆಟ್ಟಿರಿ. ಅಂದು ಅಷ್ಟು ನೋವಿಲ್ಲ. ಮಾರನೆ ದಿನ ಏಳೋಕೇ ಆಗಲ್ಲ. ತೊಡೆ, ಸೊಂಟ ಹಿಡಿದುಕೊಂಡಿದೆ. ಯಾಕೆ ಹೀಗೆ?

ರೂಢಿ ತಪ್ಪಿದ ಕೆಲಸ ಮಾಡಿದಾಗ ಮಾಂಸಖಂಡದ ಸಣ್ಣ ಎಳೆಗಳಿಗೆ ಪೆಟ್ಟಾಗುತ್ತದೆ. ದೇಹ ಅದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಆಗ ಒಳಗೆ ತುಸು ಬಾವು ಬರುತ್ತದೆ. ನೋವು 2-3 ದಿನ ಜೋರು. ವಾರದೊಳಗೆ ಇಳಿಯುತ್ತದೆ.

ಆಟಗಾರರು ಕಾಲಿಗೆ ಬಿಗಿ ಬಟ್ಟೆ ತೊಡುವುದನ್ನು ಟಿ.ವಿ.ಯಲ್ಲಿ ನೋಡಿರಬಹುದು. ಅದರಿಂದ ನೋವು ಸ್ವಲ್ಪ ಕಡಿಮೆ ಆಗುತ್ತದೆ. ಸ್ವಲ್ಪ ಮಾತ್ರ. ಅದಕ್ಕಾಗಿ ದುಡ್ಡು ಸುರಿಯಬೇಕಿಲ್ಲ. ಹಳೇ ಸೀರೆ ಹರಿದು ಬಿಗಿದು ಕಟ್ಟಲೂಬೇಡಿ. ರಕ್ತದ ಓಡಾಟಕ್ಕೆ ಅಡ್ಡಿ. ನಿಧಾನವಾಗಿ ನಡೆದಾಡಿ. ಬಿಸಿನೀರು ಹುಯ್ದುಕೊಳ್ಳಿ. ಹೊಟ್ಟೆ ತುಂಬ ಉಣ್ಣಿ. ಚೆನ್ನಾಗಿ ನಿದ್ದೆ ಮಾಡಿ.

"ನಿದ್ದೆ ಎಲ್ಲಿ ಬಂತು? ಮನೆ ಕೆಲಸ ಯಾರು ಮಾಡ್ತಾರೆ?" ಅಂತೀರಾ? ಆ ಎರಡು ದಿನ ನೀರನ್ನು ಗಂಡಸರು ತರಲಿ!

ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದೆಯೆ? ಅದು ನಾಟಿಯ ನೋವಲ್ಲ. ರಕ್ತ ಹೆಪ್ಪುಗಟ್ಟಿರಬಹುದು. ಕಾಲು ತಿಕ್ಕಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದರೂ ತಡಮಾಡಬೇಡಿ.