ಲಾರಿಯ ಟೋಲ್: ಓಡಿದ ದೂರಕ್ಕಲ್ಲ, ಬರೆದಿಟ್ಟ ದೂರಕ್ಕೆ

ಚಳ್ಳಕೆರೆಯ ಎಣ್ಣೆ ಗಿರಣಿಯಿಂದ ಹಿಂಡಿ ಹೇರಿಕೊಂಡು ಹೊರಡುವ ಆರು ಚಕ್ರದ ಲಾರಿಯೂ ಬಳ್ಳಾರಿ ಕಡೆಯಿಂದ ರಾಂಪುರ, ಹಾನಗಲ್ ದಾಟಿ ಬರುವ ಹನ್ನೆರಡು ಚಕ್ರದ ಲಾರಿಯೂ ಹಿಡಿಯುವುದು ರಾಷ್ಟ್ರೀಯ ಹೆದ್ದಾರಿ 150ಎಯನ್ನೇ. ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ ಈ ಹೆದ್ದಾರಿಯಲ್ಲಿ ಬೈರಾಪುರದಿಂದ ಚಳ್ಳಕೆರೆವರೆಗೆ ಸುಮಾರು 50 ಕಿ.ಮೀ., ಅಲ್ಲಿಂದ ಹಿರಿಯೂರಿನವರೆಗೆ ಸುಮಾರು 55 ಕಿ.ಮೀ. ನಾಲ್ಕು ಪಥದ ಯೋಜನೆಗಳಾಗಿ ಸೇರಿವೆ. ಇಲ್ಲಿನ ಮಾಲೀಕರು, ಚಾಲಕರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ‘ನಾನು ಓಡಿಸಿದ್ದು ಇಪ್ಪತ್ತು ಕಿಲೋಮೀಟರ್, ಪೂರ್ತಿ ಟೋಲ್ ಯಾಕೆ ಕೊಡಬೇಕು?’

ಉತ್ತರ ‘ರಾಷ್ಟ್ರೀಯ ಹೆದ್ದಾರಿಗಳ ಶುಲ್ಕ (ದರ ನಿರ್ಧಾರ ಮತ್ತು ಸಂಗ್ರಹ) ನಿಯಮಗಳು, 2008’ರಲ್ಲಿದೆ. ಶುಲ್ಕ ದೂರದ ಮೇಲೆಯೇ ನಿಂತಿದೆ, ನಿಜ. ಆದರೆ ಅದು ನಿಮ್ಮ ಲಾರಿ ಓಡಿದ ದೂರವಲ್ಲ, ನೀವು ದಾಟುವ ಟೋಲ್ ಪ್ಲಾಜಾದ ಪಾಲಿಗೆ ನಿಗದಿಯಾದ ರಸ್ತೆಯ ಉದ್ದ. ಬೈರಾಪುರದಿಂದ ಬಂದವನೂ ನಡುವೆ ತಳಕಿನಲ್ಲಿ ರಸ್ತೆಗೆ ಇಳಿದವನೂ ಅದೇ ಗೇಟು ದಾಟಿದರೆ ಕೊಡುವ ಹಣ ಒಂದೇ. ಪ್ರವೇಶ ಮತ್ತು ನಿರ್ಗಮನ ಎರಡೂ ಕಡೆ ಗೇಟಿರುವ ಎಕ್ಸ್‌ಪ್ರೆಸ್‌ವೇಗಳಲ್ಲಿ ಮಾತ್ರ ಓಡಿದಷ್ಟಕ್ಕೇ ಲೆಕ್ಕ.

ದರ ಕಟ್ಟುವ ಬಗೆ

ನಾಲ್ಕು ಅಥವಾ ಹೆಚ್ಚು ಪಥದ ರಸ್ತೆಗೆ 2007-08ನ್ನು ಮೂಲ ವರ್ಷವಾಗಿ ಇಟ್ಟುಕೊಂಡು ಪ್ರತಿ ಕಿಲೋಮೀಟರಿಗೆ ನಿಗದಿಯಾದ ಮೂಲ ದರಗಳಿವು:

- ಲಘು ಸರಕು ವಾಹನ: 1.05 ರೂ.
- ಎರಡು ಆಕ್ಸಲ್‌ನ (ಆರು ಚಕ್ರದ) ಲಾರಿ: 2.20 ರೂ.
- ಮೂರು ಆಕ್ಸಲ್‌ನ (ಹತ್ತು ಚಕ್ರದ) ಲಾರಿ: 2.40 ರೂ.
- ನಾಲ್ಕರಿಂದ ಆರು ಆಕ್ಸಲ್: 3.45 ರೂ.
- ಏಳು ಮತ್ತು ಹೆಚ್ಚು ಆಕ್ಸಲ್: 4.20 ರೂ.

ಅಂಚು ಗಟ್ಟಿಮಾಡಿದ ಎರಡು ಪಥದ ರಸ್ತೆಯಾದರೆ ಇದರ ಶೇ. 60 ಮಾತ್ರ. ಬೈಪಾಸ್‌ಗೆ ಪ್ರತ್ಯೇಕ ದರ ಸೇರಬಹುದು.

ಈ ಮೂಲ ದರ ಪ್ರತಿ ವರ್ಷ ಏಪ್ರಿಲ್ 1ರಂದು ಎರಡು ರೀತಿಯಲ್ಲಿ ಏರುತ್ತದೆ. ಒಂದು, ಸಗಟು ಬೆಲೆ ಏರಲಿ ಇಳಿಯಲಿ, ಚಕ್ರಬಡ್ಡಿಯಿಲ್ಲದೆ ಮೂಲ ದರದ ಮೇಲಷ್ಟೇ ಕೂಡುವ ಶೇ. 3. ಇನ್ನೊಂದು, ಸಗಟು ಬೆಲೆ ಸೂಚ್ಯಂಕ ಮೂಲ ವರ್ಷಕ್ಕಿಂತ ಏರಿದ ಪ್ರಮಾಣದಲ್ಲಿ ಶೇ. 40. ಕೊನೆಗೆ ಬಂದ ಮೊತ್ತವನ್ನು ಹತ್ತಿರದ ಐದು ರೂಪಾಯಿಗೆ ಸರಿಹೊಂದಿಸುತ್ತಾರೆ.

ಲೆಕ್ಕ ಹಾಕಿ ನೋಡೋಣ. ಹತ್ತು ಚಕ್ರದ ಲಾರಿ, 50 ಕಿ.ಮೀ. ಉದ್ದ. ಶೇ. 3ರ ಏರಿಕೆಯೊಂದರಿಂದಲೇ 2.40 ರೂಪಾಯಿ 2025-26ರ ಹೊತ್ತಿಗೆ ಸುಮಾರು 3.70 ಆಗುತ್ತದೆ. ಐವತ್ತರಿಂದ ಗುಣಿಸಿದರೆ ಸುಮಾರು 185. ಸೂಚ್ಯಂಕ ಮೂಲದ ಎರಡರಷ್ಟಾಗಿದೆ ಎಂದು ಉದಾಹರಣೆಗೆ ಇಟ್ಟುಕೊಂಡರೆ ಏರಿಕೆ ಶೇ. 100, ಅದರ ಶೇ. 40 ಕೂಡಿಸಿದಾಗ 259. ಅಂದರೆ ಬೋರ್ಡಿನ ಮೇಲೆ 260. ಇದು ಲೆಕ್ಕದ ದಾರಿ ತೋರಿಸುವ ಉದಾಹರಣೆ. ನಿಮ್ಮ ಪ್ಲಾಜಾದ ನಿಜವಾದ ದರ ಅಲ್ಲಿನ ಫಲಕದಲ್ಲಿರುತ್ತದೆ.

ಸೇತುವೆ, ಫ್ಲೈಓವರ್, ಸುರಂಗ ಇದ್ದರೆ ರಸ್ತೆಯ ಉದ್ದ ಕಾಗದದ ಮೇಲೆ ಹಿಗ್ಗುತ್ತದೆ. 2025ರ ಜುಲೈ ತಿದ್ದುಪಡಿಯಂತೆ ಇಂಥ ನಿರ್ಮಾಣದ ಉದ್ದವನ್ನು ಹತ್ತುಪಟ್ಟು ಮಾಡಿ ಉಳಿದ ರಸ್ತೆಗೆ ಕೂಡಿಸಬೇಕು, ಇಲ್ಲವೇ ಇಡೀ ಭಾಗದ ಉದ್ದವನ್ನು ಐದುಪಟ್ಟು ಮಾಡಬೇಕು. ಎರಡರಲ್ಲಿ ಕಡಿಮೆ ಯಾವುದೋ ಅದೇ ಲೆಕ್ಕ. 50 ಕಿ.ಮೀ.ಯಲ್ಲಿ 1 ಕಿ.ಮೀ. ಫ್ಲೈಓವರ್ ಇದ್ದರೆ ಶುಲ್ಕ 59 ಕಿ.ಮೀ.ಗೆ ಬೀಳುತ್ತದೆ.

ಪರ್ಮಿಟ್ ನೋಡಿ ರಿಯಾಯಿತಿ ಕೇಳಿ

ನಮ್ಮ ಭಾಗದ ಲಾರಿ ಮಾಲೀಕರಿಗೆ ಅತಿ ಮುಖ್ಯವಾದ ಹಕ್ಕು ಜಿಲ್ಲಾ ರಿಯಾಯಿತಿ. ಪ್ಲಾಜಾ ಇರುವ ಜಿಲ್ಲೆಯ ವಿಳಾಸದಲ್ಲೇ ನೋಂದಣಿಯಾದ ವಾಣಿಜ್ಯ ವಾಹನಕ್ಕೆ ಆ ಜಿಲ್ಲೆಯ ಹೆದ್ದಾರಿ ಪ್ಲಾಜಾಗಳಲ್ಲಿ ಅರ್ಧ ಶುಲ್ಕ. ಚಿತ್ರದುರ್ಗ ಜಿಲ್ಲೆಯ ಲಾರಿ ಹೆದ್ದಾರಿ 48ರಲ್ಲಿ ಹಿರಿಯೂರು–ಚಿತ್ರದುರ್ಗ ನಡುವಿನ ಗುಯಿಲಾಳು ಪ್ಲಾಜಾದಲ್ಲಿ ಇದನ್ನು ಕೇಳಬಹುದು. ಶಿರಾ ತಾಲ್ಲೂಕಿನ ಕರ್ಜೀವನಹಳ್ಳಿಯಲ್ಲಿ ಕೇಳುವಂತಿಲ್ಲ, ಅದು ತುಮಕೂರು ಜಿಲ್ಲೆ. ಷರತ್ತು ಎರಡು: ಸರ್ವೀಸ್ ರಸ್ತೆ ಅಥವಾ ಪರ್ಯಾಯ ರಸ್ತೆ ಇದ್ದರೆ ಈ ರಿಯಾಯಿತಿ ಇಲ್ಲ; ನ್ಯಾಷನಲ್ ಪರ್ಮಿಟ್ ಲಾರಿಗಂತೂ ಇಲ್ಲವೇ ಇಲ್ಲ. ಆಂಧ್ರದ ಗಡಿ ಕೂಗಳತೆಯಲ್ಲಿದೆ ಎಂದು ನ್ಯಾಷನಲ್ ಪರ್ಮಿಟ್ ಮಾಡಿಸುವ ಮುನ್ನ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪರ್ಮಿಟ್ ಯಾವುದಾದರೂ ಸಿಗುವ ರಿಯಾಯಿತಿಗಳೂ ಇವೆ. 24 ಗಂಟೆಯೊಳಗೆ ಮರಳಿದರೆ ಎರಡೂ ಕಡೆ ಸೇರಿ ಒಂದೂವರೆ ಪಟ್ಟು ಮಾತ್ರ. ಒಂದು ತಿಂಗಳಲ್ಲಿ 50 ಏಕಮುಖ ಪ್ರಯಾಣದ ಪಾಸ್ ಬೇಕೆಂದರೆ 50 ಪ್ರಯಾಣದ ಶುಲ್ಕದ ಮೂರನೇ ಎರಡು ಭಾಗ, ಅಂದರೆ 33 ಪ್ರಯಾಣಕ್ಕಿಂತ ತುಸು ಹೆಚ್ಚು. ದಿನವೂ ಹೋಗಿಬರುವ ಲಾರಿಗೆ ಮರುಪ್ರಯಾಣದ ರಿಯಾಯಿತಿ ಹೇಗೂ ಇರುವುದರಿಂದ, ತಿಂಗಳಿಗೆ 23 ಸಲವಾದರೂ ಹೋಗಿಬಂದರೆ ಮಾತ್ರ ಪಾಸ್ ಲಾಭ.

2025ರ ಆಗಸ್ಟ್ 15ರಿಂದ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಖಾಸಗಿ ಕಾರು, ಜೀಪು, ವ್ಯಾನುಗಳಿಗಷ್ಟೇ, ಲಾರಿಗಲ್ಲ. ‘20 ಕಿ.ಮೀ. ಉಚಿತ’ ಎಂಬ ಮಾತು ಹುಟ್ಟಿದ್ದು 2024ರ ಸೆಪ್ಟೆಂಬರ್ ತಿದ್ದುಪಡಿಯಿಂದ. ಅದು ಉಪಗ್ರಹ ಆಧಾರಿತ ಸಾಧನ ಅಳವಡಿಸಿಕೊಂಡ ವಾಹನಗಳ ಮಾತು, ಅಲ್ಲೂ ನ್ಯಾಷನಲ್ ಪರ್ಮಿಟ್ ವಾಹನಗಳನ್ನು ಹೊರಗಿಟ್ಟಿದ್ದಾರೆ. ಫಾಸ್ಟ್ಯಾಗ್ ಗೇಟಿನಲ್ಲಿ ಆ ಮಾತು ಹಿಡಿದು ವಾದಿಸಿದರೆ ಪ್ರಯೋಜನವಿಲ್ಲ. ಕಡಲೆಕಾಯಿ ಸಾಗಿಸುವ ರೈತರ ಟ್ರ್ಯಾಕ್ಟರ್‌ಗೆ ಶುಲ್ಕವಿಲ್ಲ, ಆದರೆ ಸರ್ವೀಸ್ ರಸ್ತೆ ಇರುವಲ್ಲಿ ಮುಖ್ಯ ಹೆದ್ದಾರಿಗೆ ಪ್ರವೇಶವೂ ಇಲ್ಲ.

ಹೆಚ್ಚು ಬೀಳುವ ಸಂದರ್ಭಗಳು

ಫಾಸ್ಟ್ಯಾಗ್ ಇಲ್ಲದೆ ಅಥವಾ ಕೆಲಸ ಮಾಡದ ಟ್ಯಾಗ್ ಇಟ್ಟುಕೊಂಡು ಬಂದರೆ, 2025ರ ನವೆಂಬರ್ 15ರಿಂದ ಜಾರಿಯಾದ ತಿದ್ದುಪಡಿಯಂತೆ ನಗದಿಗೆ ಎರಡುಪಟ್ಟು, ಯುಪಿಐಗೆ 1.25 ಪಟ್ಟು. ಆದರೆ ನಿಮ್ಮ ಟ್ಯಾಗ್ ಸರಿಯಿದ್ದು, ಹಣವೂ ಇದ್ದು, ಪ್ಲಾಜಾದ ಯಂತ್ರವೇ ಕೆಟ್ಟಿದ್ದರೆ ಹಣ ಕೊಡದೆ ಹೋಗುವ ಹಕ್ಕು 2018ರ ಮೇ ತಿಂಗಳ ಅಧಿಸೂಚನೆಯಿಂದ ನಿಮಗಿದೆ. ‘ಶೂನ್ಯ ವ್ಯವಹಾರ’ದ ರಸೀದಿ ಕೇಳಿ ಪಡೆಯಿರಿ.

ಹೆಚ್ಚು ಲೋಡ್ ಹೇರಿದ್ದರೆ ಪ್ಲಾಜಾದಲ್ಲೂ ಹೆಚ್ಚಿನ ಶುಲ್ಕ, ಜೊತೆಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಡಿ 20,000 ರೂ. ದಂಡ, ಮಿತಿ ಮೀರಿದ ಪ್ರತಿ ಟನ್ನಿಗೆ 2,000 ರೂ. ಮತ್ತು ಹೆಚ್ಚಿನ ಸರಕು ಇಳಿಸುವ ಖರ್ಚು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಮಾಫಿ ಎಂಬುದಿಲ್ಲ.

ತಪ್ಪು ಕಡಿತವಾದರೆ

ಮೂರು ಆಕ್ಸಲ್ ಲಾರಿಗೆ ನಾಲ್ಕು ಆಕ್ಸಲ್ ದರ ಹಿಡಿದದ್ದು, ಒಂದು ಸಲ ದಾಟಿದ್ದಕ್ಕೆ ಎರಡು ಸಲ ಕಡಿತವಾದದ್ದು, ಲಾರಿ ಶೆಡ್ಡಿನಲ್ಲಿದ್ದಾಗ ಹಣ ಹೋದದ್ದು — ಇಂಥ ದೂರುಗಳಿಗೆ ಕ್ರಮ ಹೀಗಿರಲಿ:

1. ಸಂದೇಶದಲ್ಲಿರುವ ಪ್ಲಾಜಾ ಹೆಸರು, ಸಮಯ, ಮೊತ್ತ ಉಳಿಸಿಕೊಳ್ಳಿ. ಆರ್‌ಸಿಯಲ್ಲಿರುವ ವಾಹನ ವರ್ಗ ಟ್ಯಾಗ್‌ನಲ್ಲೂ ಅದೇ ಇದೆಯೇ ನೋಡಿ. ಆಕ್ಸಲ್ ಕಾಣುವಂತೆ ಲಾರಿಯ ಪಕ್ಕದ ಫೋಟೊ ತೆಗೆದಿಡಿ.
2. ಹೆದ್ದಾರಿ ಸಹಾಯವಾಣಿ 1033ಕ್ಕೂ ಟ್ಯಾಗ್ ಕೊಟ್ಟ ಬ್ಯಾಂಕಿಗೂ ದೂರು ಕೊಡಿ. ಎರಡೂ ಕಡೆಯ ದೂರಿನ ಸಂಖ್ಯೆ ಬರೆದಿಡಿ.
3. ನಿಮ್ಮ ಪ್ಲಾಜಾದ ಪಾಲಿಗೆ ಎಷ್ಟು ಕಿ.ಮೀ. ಇದೆ, ಎಷ್ಟು ಸೇತುವೆ ಸೇರಿಸಿದ್ದಾರೆ, ಜಿಲ್ಲಾ ರಿಯಾಯಿತಿ ನಿರಾಕರಿಸಿದ್ದರೆ ಯಾವ ಪರ್ಯಾಯ ರಸ್ತೆಯ ಆಧಾರದಲ್ಲಿ ಎಂಬುದನ್ನು ಹೆದ್ದಾರಿ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ ಕೇಳಿ. ಶುಲ್ಕ 10 ರೂ., ಉತ್ತರಕ್ಕೆ 30 ದಿನ.
4. ಹಣ ಮರಳದಿದ್ದರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅವಧಿ ಎರಡು ವರ್ಷ. ಆದರೆ ದೊಡ್ಡ ಸಾರಿಗೆ ಕಂಪನಿ ‘ಗ್ರಾಹಕ’ನೇ ಎಂಬ ತಕರಾರು ಏಳಬಹುದು. ಒಂದೆರಡು ಲಾರಿ ಇಟ್ಟುಕೊಂಡವರು ಸ್ವಂತ ಜೀವನೋಪಾಯಕ್ಕಾಗಿ ಓಡಿಸುತ್ತಿರುವುದಾಗಿ ದೂರಿನಲ್ಲೇ ಬರೆಯಬೇಕು.

ರಸ್ತೆಯೇ ಹಾಳಾಗಿದ್ದರೆ? ಕೇರಳದ ಪಾಲಿಯೆಕ್ಕರ ಪ್ಲಾಜಾದ ಟೋಲನ್ನು ಅಲ್ಲಿನ ಹೈಕೋರ್ಟ್ 2025ರ ಆಗಸ್ಟ್ 6ರಂದು ನಾಲ್ಕು ವಾರ ತಡೆಹಿಡಿಯಿತು. ಪ್ರಾಧಿಕಾರದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ ಆಗಸ್ಟ್ 19ರಂದು ತಳ್ಳಿಹಾಕಿತು. ಆ ಪರಿಹಾರ ಸಿಕ್ಕಿದ್ದು ನ್ಯಾಯಾಲಯದಲ್ಲಿ. ಗೇಟಿನ ಮುಂದೆ ಲಾರಿ ಅಡ್ಡ ನಿಲ್ಲಿಸಿದರೆ ಮೊಕದ್ದಮೆ ಬೀಳುವುದು ಚಾಲಕನ ಮೇಲೆ. ಚಿತ್ರದುರ್ಗ ಜಿಲ್ಲೆಯವರು ಇಂಥ ರಿಟ್ ಅರ್ಜಿ ಹಾಕಬೇಕಾದದ್ದು ಹೈಕೋರ್ಟಿನ ಬೆಂಗಳೂರು ಪೀಠದಲ್ಲಿ.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮತ್ತು ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರಿದ ನಾಯಕ ಸಮುದಾಯದವರು ಹೆಚ್ಚಾಗಿರುವ ನಮ್ಮ ಭಾಗದಲ್ಲಿ ಬಹಳಷ್ಟು ಚಾಲಕರು, ಸಣ್ಣ ಮಾಲೀಕರು ಇದಕ್ಕೆ ಅರ್ಹರು. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಆರ್‌ಸಿ, ಪರ್ಮಿಟ್ ಮತ್ತು ಫಾಸ್ಟ್ಯಾಗ್ ವಿವರಪಟ್ಟಿ ಕೈಯಲ್ಲಿರಲಿ. ನಿಮ್ಮ ಆಕ್ಸಲ್, ನಿಮ್ಮ ಜಿಲ್ಲೆ, ನಿಮ್ಮ ಕಡಿತ ಮೂರನ್ನೂ ರುಜುವಾತು ಮಾಡಲು ಈ ಮೂರು ಕಾಗದ ಬೇಕು.